ಹ್ಯಾಂಬರ್ಗ್‌ನಿಂದ ಹಾಸನಕ್ಕೆ: ಚಿತ್ರ ಬಿಡಿಸೋದಕ್ಕೆ ಕಾಲೇಜು ಬೇಕಾ?

ಅಣ್ಣನ ಮಗಳು ಹಾಸನದಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸಾಗಿದೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುವುದನ್ನೇ ಕಸುಬು ಮಾಡಿಕೊಳ್ಳಬೇಕು ಎಂಬ ಆಸೆ ಅವಳಿಗೆ. "ಅತ್ತೆ, ಕಾಲೇಜು ಸೇರಲಾ, ಇಲ್ಲ ಮನೇಲೇ ಯೂಟ್ಯೂಬ್ ನೋಡಿ ಕಲೀಲಾ?" ಎಂದು ಕೇಳುತ್ತಾಳೆ. ಅಣ್ಣನ ಮಾತು ಬೇರೆ. "ಚಿತ್ರ ಬಿಡಿಸೋಕೆ ಡಿಗ್ರಿ ಯಾಕೆ ಬೇಕು ಅಂತ ನಂಗೆ ಅರ್ಥ ಆಗಲ್ಲ. ಬೇಕೇ ಬೇಕು ಅಂದ್ರೆ ನಿನ್ನ ಹಾಗೆ ಜರ್ಮನಿಗೇ ಕಳಿಸ್ತೀನಿ. ತೋಟದ ಮೇಲೆ ಸಾಲ ತೆಗೆದ್ರಾಯ್ತು." ಇಬ್ಬರಿಗೂ ಫೋನಿನಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಕೂತು ಬರೆಯೋಣ ಅನ್ನಿಸಿತು. ಊರಲ್ಲಿ ಇದೇ ಯೋಚನೆಯಲ್ಲಿರುವ ಮಕ್ಕಳು ಇನ್ನೂ ಇರುತ್ತಾರೆ, ಅಲ್ವಾ?

ನಾನು ಎರಡೂ ದಾರಿಯಲ್ಲಿ ನಡೆದವಳು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ರಾತ್ರಿ ಹೊತ್ತು ಒಬ್ಬಳೇ ಕಲಿತೆ. ಆಮೇಲೆ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿತು, ಇಲ್ಲಿಗೆ, ಅಂದರೆ ಜರ್ಮನಿಗೆ ಬಂದು ಇಲ್ಲಸ್ಟ್ರೇಷನ್ ಓದಿದೆ. ಈಗ ಇಲ್ಲೇ ಪುಸ್ತಕಗಳಿಗೆ, ಪತ್ರಿಕೆಗಳಿಗೆ ಚಿತ್ರ ಮಾಡಿಕೊಂಡಿದ್ದೇನೆ.

ಮೊದಲು ಒಂದು ಮಾತು. ಗೆರೆ ಎಳೆಯುವುದು, ಮೈಕಟ್ಟು, ನೆರಳು ಬೆಳಕು, ಬಣ್ಣ ಬೆರೆಸುವುದು, ಇದನ್ನೆಲ್ಲ ಒಬ್ಬರೇ ಕಲಿಯಬಹುದು. ಇವತ್ತು ಅದಕ್ಕೆ ಬೇಕಾದ್ದೆಲ್ಲ ಬಿಟ್ಟಿಯಾಗಿ ಸಿಗುತ್ತದೆ. ಕ್ರಿಟಾ ಎಂಬ ಸಾಫ್ಟ್‌ವೇರ್‌ಗೆ ಒಂದು ಪೈಸೆ ಕೊಡಬೇಕಿಲ್ಲ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸ್ಕೆಚ್ ಬುಕ್ ಹಿಡಿದು ಒಂದು ಗಂಟೆ ನಿಂತರೆ ಮನುಷ್ಯರು ಹೇಗೆ ಬಗ್ಗುತ್ತಾರೆ, ಮೂಟೆ ಹೇಗೆ ಎತ್ತುತ್ತಾರೆ, ಚೌಕಾಸಿ ಮಾಡುವಾಗ ಕೈ ಎಲ್ಲಿ ಹೋಗುತ್ತದೆ ಎಂದು ಯಾವ ಕ್ಲಾಸೂ ಕಲಿಸದಷ್ಟು ಕಲಿಯಬಹುದು. ಹಾಗಾದರೆ ಕಾಲೇಜು ಏನು ಕೊಡುತ್ತದೆ?

ನನಗೆ ಕೊಟ್ಟಿದ್ದು ಒಂದು ಗೋಡೆ. ವಾರಕ್ಕೊಮ್ಮೆ ಎಲ್ಲರೂ ತಮ್ಮ ಚಿತ್ರಗಳನ್ನು ಆ ಗೋಡೆಗೆ ಅಂಟಿಸಬೇಕಿತ್ತು. ಬಿಡಿಸಿದವರು ಬಾಯಿ ಬಿಡುವ ಹಾಗಿಲ್ಲ. ಉಳಿದವರು ತಮಗೆ ಏನು ಕಾಣುತ್ತಿದೆ ಎಂದು ಹೇಳಬೇಕು. ಒಂದು ಸಲ ಅಜ್ಜಿ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುವ ಚಿತ್ರ ಹಾಕಿದ್ದೆ. ಊರಿನಲ್ಲಿ ಯಾರಿಗೆ ತೋರಿಸಿದರೂ "ಎಷ್ಟು ಚೆನ್ನಾಗಿದೆ!" ಅನ್ನುತ್ತಿದ್ದರು. ಇಲ್ಲಿ ಒಬ್ಬ ಹುಡುಗ, "ಆ ಮುದುಕಿ ಯಾಕೆ ಮಗುವಿನ ಕೂದಲು ಎಳೆಯುತ್ತಿದ್ದಾಳೆ?" ಎಂದು ಕೇಳಿದ. ಎಣ್ಣೆ ಹಚ್ಚುವುದನ್ನು ಅವನು ಕಂಡಿಲ್ಲ, ನಿಜ. ಆದರೆ ಅದನ್ನು ಕಾಣದವನಿಗೂ ಅಲ್ಲಿರುವ ಪ್ರೀತಿ ಕಾಣಬೇಕು. ಅಜ್ಜಿಯ ಮೊಣಕೈ ಕೆಳಗಿಳಿಸಿದೆ. ಹುಡುಗಿಯ ಕಣ್ಣು ಅರ್ಧ ಮುಚ್ಚಿಸಿದೆ. ಪಕ್ಕದಲ್ಲಿ ಎಣ್ಣೆ ಬಟ್ಟಲು ಇಟ್ಟೆ. ಮುಂದಿನ ವಾರ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಚಿತ್ರ ಓದುಗರಿಗೆ ಕಥೆ ಹೇಳುತ್ತಿದೆಯಾ ಎಂದು ತಿಳಿಯಲು ಈ ಪರಿಚಯವಿಲ್ಲದ ಕಣ್ಣುಗಳು ಬೇಕು. ಮನೆಯವರ ಪ್ರೀತಿ ಆ ಕೆಲಸ ಮಾಡುವುದಿಲ್ಲ.

ಎರಡನೆಯದು ಕಲ್ಲಚ್ಚಿನ ಕೋಣೆ, ಅಂದರೆ ಕಲ್ಲಿನ ಮೇಲೆ ಬರೆದ ಚಿತ್ರವನ್ನು ಕಾಗದಕ್ಕೆ ಒತ್ತಿ ತೆಗೆಯುವ ಲಿಥೊಗ್ರಫಿಯ ಕೋಣೆ. ಕಲ್ಲಚ್ಚನ್ನು ಕಂಡುಹಿಡಿದದ್ದು ಇದೇ ದೇಶದಲ್ಲಿ. ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಶುರು ಮಾಡಿದ್ದು. ಅಲ್ಲಿನ ಸೋಲ್ನ್‌ಹೋಫೆನ್ ಎಂಬ ಊರಿನ ಸುಣ್ಣಕಲ್ಲೇ ಇದಕ್ಕೆ ಅತಿ ಒಳ್ಳೆಯದು. ಜಿಡ್ಡಿನ ಬಳಪದಿಂದ ಕಲ್ಲಿನ ಮೇಲೆ ಬರೆದು, ಮದ್ದು ಹಚ್ಚಿ, ನೀರು ಸವರುತ್ತೇವೆ. ಬರೆದ ಕಡೆ ನೀರು ನಿಲ್ಲುವುದಿಲ್ಲ, ಶಾಯಿ ಅಲ್ಲಿ ಮಾತ್ರ ಹಿಡಿಯುತ್ತದೆ. ಒಂದೊಂದು ಬಣ್ಣಕ್ಕೂ ಒಂದೊಂದು ಸಲ ಬೇರೆಯಾಗಿ ಬರೆಯಬೇಕು. ಹಾಗಾಗಿ ಎರಡು ಮೂರು ಬಣ್ಣದಲ್ಲೇ ಇಡೀ ಚಿತ್ರ ಯೋಚಿಸುವುದನ್ನು ಕೈ ಕಲಿಯುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಲಕ್ಷ ಬಣ್ಣ ಇದ್ದಾಗ ಆ ಶಿಸ್ತು ಬರುವುದು ಕಷ್ಟ. ಆ ಭಾರದ ಕಲ್ಲು, ಆ ಪ್ರೆಸ್ಸು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದಾ? ಅದಕ್ಕಾಗಿಯಾದರೂ ಕಾಲೇಜಿಗೆ ನಾನು ಋಣಿ.

ಇನ್ನು ಮುದ್ರಣದ ಲೆಕ್ಕಗಳು. ಚಿತ್ರ ಪುಸ್ತಕ ಸಾಮಾನ್ಯವಾಗಿ 32 ಪುಟ ಯಾಕೆ, ಎರಡು ಪುಟ ಸೇರುವ ಮಡಿಕೆಯಲ್ಲಿ ಮುಖ ಯಾಕೆ ಬರಬಾರದು, ಅಂಚಿನಾಚೆಗೂ 3 ಮಿಲಿಮೀಟರ್ ಬಣ್ಣ ಯಾಕೆ ಹರಡಿರಬೇಕು, ಪರದೆ ಮೇಲೆ ಹೊಳೆಯುವ ಹಸಿರು ಕಾಗದದ ಮೇಲೆ ಯಾಕೆ ಮಂಕಾಗುತ್ತದೆ. ಇವು ಪುಸ್ತಕ ಓದಿಯೂ ಬರುತ್ತವೆ. ಇದಕ್ಕಾಗಿ ಯಾರೂ ಫೀಸು ಕಟ್ಟಬೇಕಿಲ್ಲ.

ಕಾಲೇಜು ಕಲಿಸದೇ ಇದ್ದದ್ದೂ ಇದೆ. ಒಂದು ಚಿತ್ರಕ್ಕೆ ಎಷ್ಟು ಕೇಳಬೇಕು, ಕರಾರು ಪತ್ರದಲ್ಲಿ ಹಕ್ಕು ಯಾರ ಹೆಸರಿನಲ್ಲಿ ಉಳಿಯುತ್ತದೆ ಎಂಬುದನ್ನು ನಾನು ಕಲಿತದ್ದು ಇಲ್ಲಿನ ಚಿತ್ರಕಾರರ ಸಂಘದವರಿಂದ. ಸ್ವಂತವಾಗಿ ದುಡಿಯುವ ಕಲಾವಿದರಿಗೆ ಜರ್ಮನಿಯಲ್ಲಿ ಕ್ಯೂನ್ಸ್ಟ್ಲರ್‌ಸೊಟ್ಸಿಯಾಲ್‌ಕಾಸ್ಸೆ ಎಂಬ ವ್ಯವಸ್ಥೆ ಇದೆ. 1983ರಿಂದ ನಡೆಯುತ್ತಿದೆ. ಆರೋಗ್ಯ ವಿಮೆ, ಪಿಂಚಣಿಯ ಕಂತಿನಲ್ಲಿ ಅರ್ಧ ನಾವು ಕಟ್ಟಿದರೆ ಸಾಕು. ಉಳಿದರ್ಧ ಸರ್ಕಾರದಿಂದ ಮತ್ತು ಕಲಾವಿದರಿಗೆ ಕೆಲಸ ಕೊಡುವ ಸಂಸ್ಥೆಗಳಿಂದ ಬರುತ್ತದೆ. ಅದಕ್ಕೆ ಸೇರಲು ಡಿಗ್ರಿ ಬೇಕಿಲ್ಲ. ಕಲೆಯಿಂದ ಸಂಪಾದಿಸುತ್ತಿದ್ದೇನೆ ಎಂದು ತೋರಿಸಬೇಕು, ಅಷ್ಟೆ. ಇಂಥದ್ದೊಂದು ನಮ್ಮ ನಾಡಿನಲ್ಲೂ ಬರಲಿ ಎಂದು ನನಗೆ ತುಂಬಾ ಆಸೆ.

ಸ್ಟುಡಿಯೋದಲ್ಲಿ ನನ್ನ ಪಕ್ಕದ ಮೇಜಿನವನು ಮೊದಲು ಬಡಗಿ. ಯಾವ ಕಾಲೇಜಿಗೂ ಹೋದವನಲ್ಲ. ಆದರೆ ಅವನು ಒಬ್ಬನೇ ಕೂತೂ ಕಲಿಯಲಿಲ್ಲ. ಇಲ್ಲಿ ಊರೂರಿಗೂ ಫೋಕ್ಸ್‌ಹೋಖ್‌ಶೂಲೆ ಅಂತ ಇರುತ್ತದೆ. ಕೆಲಸ ಮುಗಿಸಿ ಬಂದವರು ಕಡಿಮೆ ಫೀಸಿನಲ್ಲಿ ಏನು ಬೇಕಾದರೂ ಕಲಿಯುವ ಸಂಜೆ ಶಾಲೆ. ಅವನು ಅಲ್ಲಿ ಮನುಷ್ಯರನ್ನು ನೋಡಿ ಬಿಡಿಸುವ ಕ್ಲಾಸಿಗೆ ಹೋದ. ಶುಕ್ರವಾರ ಬೆಳಿಗ್ಗೆ ಪೇಪರಿನಿಂದ ಒಂದು ಸುದ್ದಿ ಆರಿಸಿ, ಸಂಜೆಯೊಳಗೆ ಅದಕ್ಕೆ ಚಿತ್ರ ಮುಗಿಸುವುದು ಅವನೇ ಹಾಕಿಕೊಂಡ ನಿಯಮ. ಅದನ್ನು ನಾಲ್ಕೈದು ಜನರಿಗೆ ತೋರಿಸಿ ಬೈಸಿಕೊಳ್ಳುವುದೂ ಅದರಲ್ಲೇ ಸೇರಿತ್ತು. ಇಟಲಿಯ ಬೊಲೋನ್ಯಾದಲ್ಲಿ 1964ರಿಂದ ಮಕ್ಕಳ ಪುಸ್ತಕ ಮೇಳ ನಡೆಯುತ್ತದೆ. ಅಲ್ಲಿ ಚಿತ್ರಕಾರರು ತಮ್ಮ ಕೆಲಸ ಅಂಟಿಸಲೆಂದೇ ಗೋಡೆ ಬಿಟ್ಟಿರುತ್ತಾರೆ. ಅವನಿಗೆ ಮೊದಲ ಪುಸ್ತಕ ಸಿಕ್ಕಿದ್ದು ಅಲ್ಲಿಂದ. ಪ್ರಕಾಶಕರು ನೋಡುವುದು ಪೋರ್ಟ್‌ಫೋಲಿಯೋ, ಅಂದರೆ ನಾವು ಮಾಡಿದ ಚಿತ್ರಗಳಲ್ಲಿ ಆರಿಸಿದವುಗಳ ಕಟ್ಟು. ನನ್ನ ಡಿಗ್ರಿ ಸರ್ಟಿಫಿಕೇಟನ್ನೂ ಇವತ್ತಿನವರೆಗೆ ಯಾವ ಪ್ರಕಾಶಕರೂ ಕೇಳಿಲ್ಲ.

ಊರಿನಿಂದ ಕೆಲವರು ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಉದಾಹರಣೆ ಕೊಡುತ್ತಾರೆ. ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಅವರಿಗೆ ಸೀಟು ಕೊಡಲಿಲ್ಲ, ಆದರೂ ಅಷ್ಟು ದೊಡ್ಡವರಾದರು ಎಂದು. ನಿಜ. ಆದರೆ ಅವರು ಮೈಸೂರಿನಲ್ಲಿ ಬಿ.ಎ. ಓದುವ ಹೊತ್ತಿಗೇ ಪತ್ರಿಕೆಗಳಿಗೆ ಬಿಡಿಸುತ್ತಿದ್ದರು. ನಮ್ಮ 'ಕೊರವಂಜಿ' ಹಾಸ್ಯ ಪತ್ರಿಕೆಗೂ ಬಿಡಿಸಿದವರು. ಪತ್ರಿಕೆ ಅಂದಮೇಲೆ ಗಡುವು ಇರುತ್ತದೆ, ಸಂಪಾದಕರು ಇರುತ್ತಾರೆ, ನಗುವ ಅಥವಾ ನಗದ ಓದುಗರು ಇರುತ್ತಾರೆ. ನನ್ನ ಕಾಲೇಜಿನ ಗೋಡೆ ಮಾಡಿದ ಕೆಲಸವನ್ನೇ ಅದೂ ಮಾಡುತ್ತದೆ. ಬೇಲೂರಿನಲ್ಲೂ ನೋಡಿ. ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜನೂ ಇದ್ದಾನೆ, ಅವನ ಮಗ ಚಾವಣನೂ ಇದ್ದಾನೆ. ಅಪ್ಪನ ಪಕ್ಕ ಕೂತು, ಬೇರೆ ಶಿಲ್ಪಿಗಳ ಕಣ್ಣೆದುರು ಕಲ್ಲು ಕಡೆದವನು ಮಗ. ಹಾಗಾಗಿ ಕಾಲೇಜಾ ಸ್ವಂತ ಕಲಿಕೆಯಾ ಅನ್ನುವುದಕ್ಕಿಂತ, ನಿನ್ನ ಚಿತ್ರ ನೋಡಿ "ಮತ್ತೆ ಮಾಡು" ಅನ್ನುವವರು ಯಾರಿದ್ದಾರೆ ಎಂದು ಮೊದಲು ಕೇಳಿಕೊಳ್ಳಬೇಕು.

ಈಗ ಅಣ್ಣನಿಗೆ ದುಡ್ಡಿನ ವಿಷಯ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರದೇಶದವರು ಸೆಮಿಸ್ಟರಿಗೆ 1,500 ಯೂರೊ ಕಟ್ಟಬೇಕು. ಫೀಸಿಲ್ಲ ಎಂದು ಖುಷಿಪಡುವ ಮುಂಚೆ ಇನ್ನೊಂದು ಕೇಳು. ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚಿಗೆಂದು 11,904 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಲು ಬಿಡುವ ಖಾತೆಯಲ್ಲಿ, ಇಡಬೇಕು. ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಓದುವಾಗ ವರ್ಷಕ್ಕೆ 140 ಪೂರ್ತಿ ದಿನ ಕೆಲಸ ಮಾಡಬಹುದು. ಆದರೆ ಸ್ವಂತವಾಗಿ ಚಿತ್ರ ಮಾಡಿ ಬಿಲ್ ಕಳಿಸಬೇಕಾದರೆ ವಿದೇಶಿಯರ ಕಚೇರಿಯಿಂದ ಬೇರೆ ಅನುಮತಿ ಬೇಕು. ಸರ್ಕಾರಿ ಕಾಲೇಜುಗಳಲ್ಲಿ ಬ್ಯಾಚುಲರ್ ಪಾಠ ಬಹುತೇಕ ಜರ್ಮನ್‌ನಲ್ಲೇ. ಅದರ ಮೇಲೆ ಪೋರ್ಟ್‌ಫೋಲಿಯೋ ನೋಡಿಯೇ ಸೇರಿಸಿಕೊಳ್ಳುವುದು. ಇಂಗ್ಲಿಷ್‌ನಲ್ಲಿ ಕಲಿಸುವ ಖಾಸಗಿ ಕಾಲೇಜುಗಳಿವೆ, ಏಜೆಂಟರು ಅವನ್ನೇ ಜೋರಾಗಿ ಹೊಗಳುತ್ತಾರೆ. ಅಲ್ಲಿನ ಫೀಸಿಗೆ ತೋಟ ಅಡವಿಡುವುದನ್ನು ನಾನು ಒಪ್ಪುವುದಿಲ್ಲ. ಚಿತ್ರಕಾರರ ಮೊದಲ ವರ್ಷಗಳ ಸಂಪಾದನೆಯಲ್ಲಿ ಆ ಸಾಲ ತೀರಿಸುವುದು ಬಹಳ ಕಷ್ಟ.

ಇಲ್ಲಿ ಓದಿದ್ದಕ್ಕೆ ಒಂದು ಲಾಭ ಖಂಡಿತ ಇದೆ. ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಿಕೊಳ್ಳಲು 18 ತಿಂಗಳ ಪರವಾನಗಿ ಸಿಗುತ್ತದೆ. ನನ್ನ ಬಡಗಿ ಗೆಳೆಯ ಈ ದೇಶದವನೇ, ಅವನಿಗೆ ಆ ಚಿಂತೆ ಇಲ್ಲ. ನನಗೆ ಇತ್ತು. ಪ್ರಕಾಶಕರು ಕೇಳದ ಸರ್ಟಿಫಿಕೇಟನ್ನು ವೀಸಾ ಕಚೇರಿ ಕೇಳುತ್ತದೆ.

ಹಾಗಾಗಿ ಪುಟ್ಟಿ, ನನ್ನ ಸಲಹೆ ಇದು. ಈಗಲೇ ಹೊರದೇಶ ಬೇಡ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಗೆ, ಅಂದರೆ ಎಲ್ಲರೂ ಕಾವಾ ಅನ್ನುವ ಕಾಲೇಜಿಗೆ, ಅರ್ಜಿ ಹಾಕು. ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೂ ಹಾಕು. ಹಾಸನದಿಂದ ಮೈಸೂರು ಮೂರು ಗಂಟೆ ದಾರಿ. ನಿನ್ನ ವಯಸ್ಸಿಗೆ ನಿನ್ನಷ್ಟೇ ಹುಚ್ಚಿರುವ ಹತ್ತು ಜನ ಜೊತೆಗೆ ಸಿಗುವುದು ದೊಡ್ಡ ಭಾಗ್ಯ. ಮಾಸ್ಟರ್ಸ್‌ಗೆ ಇಲ್ಲಿಗೆ ಬರುವ ಮಾತು ಆಮೇಲೆ ನೋಡೋಣ.

ಸೀಟು ಸಿಗದಿದ್ದರೆ ಅಳಬೇಡ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಒಂದು ಕಥೆ ತೆಗೆದುಕೋ. ಅದರಲ್ಲಿರುವ ಚಿತ್ರಗಳನ್ನು ನೋಡದೆ, ಅಮ್ಮನ ಕೈಲಿ ಬರೀ ಮಾತು ಓದಿಸಿಕೊಂಡು, ಇಡೀ ಪುಸ್ತಕಕ್ಕೆ ನಿನ್ನದೇ ಚಿತ್ರ ಮಾಡು. ಮುಗಿದ ಮೇಲೆ ಮೊದಲಿನ ಕಲಾವಿದರು ಏನು ಮಾಡಿದ್ದಾರೆ ನೋಡು. ಮಾತು ಮುಚ್ಚಿ ಚಿತ್ರ ಮಾತ್ರ ಎದುರು ಮನೆಯ ಮಗುವಿಗೆ ತೋರಿಸು. ಅದು ಹೇಳುವ ಕಥೆ ಬರೆದಿಟ್ಟುಕೋ, ನನಗೂ ಕಳಿಸು.

ಅಣ್ಣ, ಅರ್ಜಿ ಹಾಕುವ ಮುಂಚೆ ಅವಳನ್ನು ಒಂದು ಸಲ ಮೈಸೂರಿಗೆ ಕರೆದುಕೊಂಡು ಹೋಗು. ಆಫೀಸಿನಲ್ಲಿ ವಿಚಾರಿಸಿದರೆ ಸಾಲದು. ಅಲ್ಲಿ ಓದುವ ಮಕ್ಕಳನ್ನು ಮಾತಾಡಿಸಿ. ಮೇಷ್ಟ್ರು ವಾರಕ್ಕೆ ಎಷ್ಟು ಸಲ ಕೂತು ಚಿತ್ರ ನೋಡುತ್ತಾರೆ, ಮುದ್ರಣದ ಕೋಣೆ ದಿನಾ ತೆರೆದಿರುತ್ತಾ, ಹಿಂದಿನ ಬ್ಯಾಚಿನವರು ಈಗ ಏನು ಮಾಡುತ್ತಿದ್ದಾರೆ, ಇಷ್ಟನ್ನು ಕೇಳಿಕೊಂಡು ಬಾ. ಭಾನುವಾರ ಫೋನ್ ಮಾಡುತ್ತೇನೆ.