ಅಡ್ಮಿಷನ್ ಆಯ್ತು, ಆಮೇಲೆ?

ಎರಡು ವರ್ಷದಿಂದ ಶನಿವಾರ ಬೆಳಗ್ಗೆ ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆಯ ಒಂದು ಸರ್ಕಾರಿ ಶಾಲೆಗೆ ವಾಲಂಟಿಯರ್ ಆಗಿ ಹೋಗ್ತಿದೀನಿ. ಸುತ್ತ ಅಪಾರ್ಟ್‌ಮೆಂಟ್ ಏಳ್ತಾನೇ ಇರತ್ತೆ, ಕಟ್ಟೋರು ಪಕ್ಕದಲ್ಲೇ ತಗಡಿನ ಶೆಡ್ಡಲ್ಲಿ, ಯಾದಗಿರಿ ರಾಯಚೂರು ಕಡೆಯೋರೇ ಜಾಸ್ತಿ. ಅವರ ಮಕ್ಕಳನ್ನ ಸ್ಕೂಲಿಗೆ ಸೇರಿಸಿಬಿಟ್ರೆ ನಮ್ಮ ಕೆಲಸ ಮುಗೀತು ಅಂದ್ಕೊಂಡಿದ್ದೆ.

ಹೋದ ವರ್ಷ ಜೂನಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗನ್ನ ಕರ್ಕೊಂಡು ಹೋದ್ರೆ ಮೊದಲು ಕೇಳಿದ್ದೇ ಟಿಸಿ, ಅಂದ್ರೆ ಹಳೇ ಸ್ಕೂಲಿನ ವರ್ಗಾವಣೆ ಪತ್ರ. ಅವರಪ್ಪ ನನ್ನ ಮುಖ ನೋಡಿದ್ರು. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೇಲಿ ಟಿಸಿ ತಡ ಆಯ್ತು, ವಯಸ್ಸಿನ ದಾಖಲೆ ಇಲ್ಲ ಅಂತೆಲ್ಲ ವಾಪಸ್ ಕಳಿಸೋ ಹಾಗಿಲ್ಲ, ಪ್ರಿಂಟ್ ತೋರಿಸಿದೆ, ಅರ್ಧ ಗಂಟೇಲಿ ಅಡ್ಮಿಷನ್ ಆಯ್ತು. ವಯಸ್ಸಿಗೆ ತಕ್ಕ ಕ್ಲಾಸು ಅಂತ ನಾಲ್ಕನೇ ಕ್ಲಾಸು. ಅಕ್ಷರ ಪೂರ್ತಿ ಬರಲ್ಲ. ಅಂಥ ಮಕ್ಕಳಿಗೆ ವಿಶೇಷ ತರಬೇತಿ ಕೊಡ್ಬೇಕು ಅಂತಾನೂ ಅದೇ ಕಾಯ್ದೇಲಿದೆ, ಆದ್ರೆ ಕೊಡೋರು ಯಾರು, ನಾಲ್ಕು ಐದು ಎರಡೂ ಕ್ಲಾಸು ನೋಡ್ಕೊಳ್ಳೋ ಅದೇ ಒಬ್ಬ ಟೀಚರ್ರು.

ಮೊದಲನೇ ವಾರ ಹುಡುಗ ಎದ್ದು ನಿಂತು "ಅಕ್ಕೋರ, ನೀರ ಕುಡದ ಬರ್ಲೇನ್ರಿ?" ಅಂದ. ಇಲ್ಲಿ ಎಲ್ರೂ ಮಿಸ್ ಅನ್ನೋರು, ಇಡೀ ಕ್ಲಾಸು ನಕ್ಕಿತು, ಅವನು ಮಾತಾಡೋದೇ ನಿಲ್ಲಿಸಿಬಿಟ್ಟ.

ಟೀಚರ್ ಯಾರನ್ನೂ ಬೈಲಿಲ್ಲ. ಮಾರನೇ ದಿನ ಬೋರ್ಡ್ ಮೇಲೆ ಒಂದು ಈರುಳ್ಳಿ ಚಿತ್ರ ಬರೆದು, ನಿಮ್ಮನೇಲಿ ಇದಕ್ಕೇನಂತಾರೆ ಅಂತ ಒಬ್ಬೊಬ್ಬರನ್ನೇ ಕೇಳಿದ್ರು. ಉಲ್ಲಿಪಾಯ ಅಂದ್ಲು ಒಬ್ಬಳು, ಪ್ಯಾಜ್ ಅಂದ ಇನ್ನೊಬ್ಬ, ಕೊನೇಗೆ ಇವನು ಮೆಲ್ಲಗೆ ಉಳ್ಳಾಗಡ್ಡಿ. ಆಮೇಲೆ ಕಡ್ಲೇಕಾಯಿ-ಶೇಂಗಾ, ಆಲೂಗಡ್ಡೆ-ಬಟಾಟಿ, ತಿಂಗಳೊಳಗೆ ಗೋಡೆ ತುಂಬ ಚಾರ್ಟು. ಅವನಿಗೆ 'ಉ' ಬಂದಿದ್ದು ಉಳ್ಳಾಗಡ್ಡಿಯಿಂದಾನೇ.

ಓದೋಕೆ ಮಾತ್ರ ನಲಿ-ಕಲಿ (ಸರ್ಕಾರಿ ಶಾಲೇಲಿ ಚಿಕ್ಕ ಮಕ್ಕಳಿಗೆ ಕಾರ್ಡಿಟ್ಟು ಆಡ್ತಾ ಕಲಿಸೋ ಪದ್ಧತಿ) ಕಾರ್ಡೇ ಬೇಕಾಯ್ತು. ಅದಿದ್ದಿದ್ದು ಮೂರನೇ ಕ್ಲಾಸಿನವರೆಗೆ, ಚಿಕ್ಕ ಮಕ್ಕಳ ಜೊತೆ ಕೂರೋಕೆ ಇವನಿಗೆ ನಾಚಿಕೆ. ಕಾರ್ಡ್ ಹಂಚೋ ಜವಾಬ್ದಾರಿ ನಿಂದು ಅಂತ ದಿನಾ ಬೆಳಗ್ಗೆ ಒಂದು ಗಂಟೆ ಆ ರೂಮಿಗೆ ಕಳಿಸಿದ್ರು, ಹಂಚ್ತಾ ಹಂಚ್ತಾ ಅವನೂ ಓದ್ಕೊಂಡ.

ನಾವು ವಾಲಂಟಿಯರ್ಸ್ ಏನ್ ಮಾಡಿದ್ವಿ? ಡೊನೇಷನ್ ಎತ್ತಿ ನಾಲ್ಕು ಟ್ಯಾಬ್ ತಂದ್ಕೊಟ್ವಿ, ಬೀರುವಲ್ಲಿವೆ. "ಟ್ಯಾಬ್ ಬೇಡ ಮೇಡಂ, ವಾರದ ಮಧ್ಯೆ ಒಂದು ಗಂಟೆ ಯಾರಾದ್ರೂ ಬಂದು ನಾಲ್ಕನೇ ಕ್ಲಾಸು ನೋಡ್ಕೊಳ್ಳಿ, ನಾನು ಐದನೇ ಕ್ಲಾಸಿಗೆ ಲೆಕ್ಕ ಹೇಳ್ಕೊಡ್ತೀನಿ" ಅಂದ್ರು ಟೀಚರ್. ಈಗ ಬುಧವಾರ ಲೇಟಾಗಿ ಲಾಗಿನ್ ಆಗ್ತೀನಿ ಅಂತ ಮ್ಯಾನೇಜರ್ ಹತ್ರ ಒಪ್ಪಿಸ್ಕೊಂಡಿದೀನಿ.

ಈ ಜೂನಲ್ಲಿ ಅವರಪ್ಪನಿಗೆ ವರ್ತೂರು ಕಡೆ ಕೆಲಸ ಸಿಕ್ತು, ಹುಡುಗ ಹೊರಟ. ಟೀಚರ್ ಟಿಸಿ ಜೊತೆ ಒಂದು ಹಾಳೇಲಿ ಯಾವ ಕಾರ್ಡಿನವರೆಗೆ ಬಂದಿದಾನೆ, ಯಾವ ಒತ್ತಕ್ಷರ ತಪ್ತಾನೆ, ಅಕ್ಕೋರು ಅಂದ್ರೆ ನಗ್ಬೇಡಿ ಅಂತೆಲ್ಲ ಬರೆದು ಬ್ಯಾಗಿಗೆ ಹಾಕಿದ್ರು. ಹೊಸ ಸ್ಕೂಲಲ್ಲಿ ಅದನ್ನ ಯಾರಾದ್ರೂ ಓದಿದ್ರಾ ಅಂತ ಈ ಶನಿವಾರ ಹೋಗಿ ನೋಡ್ಬೇಕು.