ನಟ್ ಟೈಟಾಗಿತ್ತು, ಆದರೆ ಕೂತಿರಲಿಲ್ಲ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಟ್ರ್ಯಾಕ್ ಡೇಗೆಂದು (ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಬೆಂಗಳೂರಿನಿಂದ ಹೊರಟಿದ್ದ ಹೋಂಡಾ ಬ್ರಿಯೊ. ಹಿಂದಿನ ಸಂಜೆ ನಮ್ಮ ಅಲಾಯ್ ವೀಲ್ ಶಾಪಿನಲ್ಲಿ 15×6.5 ಅಲಾಯ್‌ಗೆ 195/50 ಟೈರ್ ಏರಿಸಿ, ಬ್ಯಾಲೆನ್ಸಿಂಗ್ ಮುಗಿಸಿ, ಗಾಡಿಯ ಜತೆ ಬಂದ ಸ್ಟಾಕ್ ನಟ್‌ಗಳನ್ನೇ ಟಾರ್ಕ್ ವ್ರೆಂಚ್ (ಹೇಳಿದ ಬಿಗಿತ ಬಂದಾಗ ಸದ್ದು ಮಾಡುವ ಸ್ಪ್ಯಾನರ್) ಹಿಡಿದು 108 ನ್ಯೂಟನ್ ಮೀಟರ್‌ಗೆ ಬಿಗಿದು ಕಳಿಸಿದ್ದಾಯಿತು. ಹದಿನಾರಕ್ಕೆ ಹದಿನಾರೂ ನಟ್ 'ಟಕ್' ಅಂದವು, ಜಾಬ್ ಕಾರ್ಡ್‌ನಲ್ಲಿ ಟಿಕ್ ಬಿತ್ತು. ಹೈವೇಯಲ್ಲಿ ಗಾಡಿ ಒಂದಿಷ್ಟೂ ತಕರಾರು ಮಾಡಲಿಲ್ಲ.

ಮೂರನೇ ಲ್ಯಾಪ್‌ಗೆ ಸ್ಟಿಯರಿಂಗ್ ನಡುಗತೊಡಗಿ ಗಾಡಿ ಪಿಟ್‌ಗೆ ಬಂತು. ಸೆಷನ್ನಿನಲ್ಲಿ ಇನ್ನು ಎಂಟೋ ಒಂಬತ್ತೋ ನಿಮಿಷ. ನಡುಕ ಅಂದರೆ ಬ್ಯಾಲೆನ್ಸಿಂಗ್, ಅಲಾಯ್ ಅಂಗಡಿಯವರ ತಲೆ ಓಡುವುದೇ ಹಾಗೆ. ಬಗ್ಗಿ ನೋಡಿದರೆ ಮುಂದಿನ ಎಡ ವೀಲ್‌ನ ಒಳಮೈಯಲ್ಲಿ ಬ್ಯಾಲೆನ್ಸಿಂಗ್‌ಗೆ ಅಂಟಿಸಿದ್ದ ವೆಯ್ಟ್ ಹಾರಿಹೋಗಿ ಬರೀ ಗಮ್ ಉಳಿದಿತ್ತು. ಸಿಕ್ಕಿತಲ್ಲ ಕಳ್ಳ! ಅಷ್ಟೇ ತೂಕದ ಇನ್ನೊಂದು ವೆಯ್ಟ್ ಅಂಟಿಸಿ, ಮೇಲೆ ಅಲ್ಯುಮಿನಿಯಂ ಟೇಪ್ ಎಳೆದು, "ಹೋಗಿ ಸರ್, ಏನೂ ಆಗಲ್ಲ" ಎಂದು ಕಳಿಸಿದೆವು. ಕಣ್ಣೆದುರಿಗೇ ಇದ್ದ ನಾಲ್ಕು ನಟ್‌ಗೆ ಯಾರೂ ಕೈ ಹಚ್ಚಲಿಲ್ಲ.

ಒಂದು ಲ್ಯಾಪ್ ಅಂದರೆ 2.1 ಕಿ.ಮೀ. ಅದು ಮುಗಿಯುವ ಮೊದಲೇ 'ಕಟಕಟ' ಶಬ್ದ ಬಂದು ಡ್ರೈವರ್ ವೇಗ ಇಳಿಸಿಕೊಂಡು ಒಳಗೆ ತಂದರು. ಅವರು ಲ್ಯಾಪ್ ಪೂರ್ತಿ ಮಾಡೋಣ ಎಂದು ಹಠ ಹಿಡಿಯದಿದ್ದದ್ದು ನಮ್ಮ ಪುಣ್ಯ. ಸ್ಪ್ಯಾನರ್ ಹಾಕಿದರೆ ಒಂದು ನಟ್ ಬೆರಳಲ್ಲೇ ತಿರುಗಿತು. ಇನ್ನೆರಡು ಮುಕ್ಕಾಲು ಸುತ್ತು ಬಿಗಿತ ತೆಗೆದುಕೊಂಡವು. ವೀಲ್ ಬಿಚ್ಚಿ ನೋಡಿದರೆ ನಟ್ ಕೂರುವ ಪ್ರತಿ ತೂತಿನಲ್ಲೂ ಬಳೆಯಂತೆ ಒಂದು ಹೊಳೆಯುವ ಗೆರೆ, ಗೆರೆಯ ಪಕ್ಕ ಜಜ್ಜಿದ ಅಲ್ಯುಮಿನಿಯಂ.

ಹೋಂಡಾದ ಸ್ಟಾಕ್ ನಟ್ ಬಾಲ್ ಸೀಟ್, ಅಂದರೆ ಅದರ ಮೂತಿ ಗುಂಡಗೆ. ಹೊರಗೆ ಸಿಗುವ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ 60 ಡಿಗ್ರಿ ಕೋನ್ ಸೀಟ್. ಕೋನ್‌ನೊಳಗೆ ಗುಂಡು ಕೂತರೆ ತಾಗುವುದು ಒಂದು ಗೆರೆಯಷ್ಟು ಜಾಗ ಮಾತ್ರ. ಟಾರ್ಕ್ ವ್ರೆಂಚ್‌ಗೆ ಗೊತ್ತಾಗುವುದು ತಿರುಗಿಸಲು ಬೇಕಾದ ಬಲ. ನಟ್ ಎಷ್ಟು ಅಗಲಕ್ಕೆ ಕೂತಿದೆ ಎಂಬುದು ಅದಕ್ಕೆ ಕಾಣದು. ಟ್ರ್ಯಾಕ್‌ನಲ್ಲಿ ತಿರುವಿನ ಭಾರ, ಬ್ರೇಕ್ ಕಾವು ಎರಡೂ ಸೇರಿದರೆ ಆ ಗೆರೆಯಲ್ಲಿನ ಲೋಹ ತಗ್ಗುತ್ತದೆ. ಕೂದಲೆಳೆಯಷ್ಟು ತಗ್ಗಿದರೂ ನಟ್ ಹತ್ತುವ ಸ್ಟಡ್‌ನ ಹಿಡಿತ ಹೋಯಿತು. ಫೋಕ್ಸ್‌ವ್ಯಾಗನ್ ಪೋಲೊದ ಬೋಲ್ಟ್‌ಗಳದೂ ಇದೇ ಕತೆ, ಅವೂ ಬಾಲ್ ಸೀಟ್. ಮಾರುತಿಯ ಸ್ವಿಫ್ಟ್‌ನ ನಟ್ ಕೋನ್ ಆದ್ದರಿಂದ ಅಲ್ಲಿ ಈ ತಪ್ಪು ಬಯಲಾಗುವುದಿಲ್ಲ. ದಿನವಿಡೀ ಸ್ವಿಫ್ಟ್ ಮಾಡಿದ ಕೈ ಬ್ರಿಯೊದಲ್ಲಿ ಎಡವುವುದು ಅದಕ್ಕೇ.

ಪರೀಕ್ಷೆ ಸುಲಭ. ನಟ್‌ನ ಇಳಿಜಾರಿಗೆ ಸ್ಟೀಲ್ ಸ್ಕೇಲ್ ಒತ್ತಿ ಬೆಳಕಿಗೆ ಹಿಡಿಯಿರಿ. ಸ್ಕೇಲ್ ಉದ್ದಕ್ಕೂ ಕೂತರೆ ಕೋನ್, ಅತ್ತಿತ್ತ ತೊಟ್ಟಿಲಾಡಿದರೆ ಬಾಲ್. ಆಮೇಲೆ ನಟ್‌ಗೆ ಮಾರ್ಕರ್ ಬಳಿದು, ವೀಲ್‌ನಲ್ಲಿಟ್ಟು ಕೈಯಲ್ಲೇ ಒತ್ತಿ ತಿರುಗಿಸಿ ತೆಗೆಯಿರಿ. ಬಣ್ಣ ಅಗಲ ಪಟ್ಟಿಯಾಗಿ ಅಳಿಸಿರಬೇಕು. ಬರೀ ಗೆರೆ ಬಿದ್ದಿದ್ದರೆ ಆ ನಟ್ ಬೇಡ. ಹದಿನಾರು ಕೋನ್ ನಟ್‌ಗೆ ಆಗುವ ಖರ್ಚು ಬ್ರಿಯೊದ ಟ್ಯಾಂಕ್ ತುಂಬಿಸುವಷ್ಟೂ ಅಲ್ಲ. ಆ ಸಂಜೆ ಕೋನ್ ನಟ್ ಶಾಪಿನಲ್ಲಿ ಇರಲಿಲ್ಲ, "ಇರೋದ್ರಲ್ಲೇ ಹಾಕ್ರೋ" ಅಂತ ಮೇಲಿನಿಂದ ಮಾತು ಬಂತು, ಹಾಕಿದೆವು.

ಥ್ರೆಡ್ ಬೇರೆಯೇ ವಿಷಯ. ಹೋಂಡಾ, ಹ್ಯುಂಡೈಗೆ ಎಂ12×1.5, ಮಾರುತಿಗೆ ಎಂ12×1.25. ಎಂ12 ಅಂದರೆ 12 ಮಿ.ಮೀ. ವ್ಯಾಸ, ಎರಡನೇ ಸಂಖ್ಯೆ ಪಿಚ್, ಅಂದರೆ ಒಂದು ಸುತ್ತಿಗೆ ನಟ್ ಎಷ್ಟು ಮಿ.ಮೀ. ಒಳಗೆ ಹೋಗುತ್ತದೆ ಎಂಬುದು. ಒಂದಕ್ಕೊಂದು ಎರಡು ಸುತ್ತು ಹತ್ತಿ ಕಚ್ಚಿಕೊಳ್ಳುತ್ತವೆ. ಅಲ್ಲಿ ನಟ್ ಬಿಗಿಯುವ ಗನ್ ಒತ್ತಿದರೆ ಸ್ಟಡ್ ಹಾಳು. ಮೊದಲ ಸುತ್ತುಗಳೆಲ್ಲ ಕೈಯಲ್ಲೇ ಆಗಬೇಕು, ಎಷ್ಟು ಸುತ್ತು ಎಂದು ಎಣಿಸಲೂ ಬೇಕು. 1.5 ಪಿಚ್‌ಗೆ ಕನಿಷ್ಠ 8 ಸುತ್ತು, 1.25ಕ್ಕೆ 10. ಅಲಾಯ್‌ನ ಕೂರುವ ಮೈ ದಪ್ಪಗಿದ್ದರೆ ಇಷ್ಟು ಸಿಗುವುದಿಲ್ಲ. ಅದರ ಮೇಲೆ ವೀಲ್ ಹೊರಕ್ಕೆ ತಳ್ಳುವ ಸ್ಪೇಸರ್ ಬೇರೆ ಕೇಳುವವರಿದ್ದಾರೆ!

ಇನ್ನು ವೀಲ್. ಅಗ್ಗದ್ದು ಅಂದರೆ ಕೆಟ್ಟದ್ದು ಅಂತಲ್ಲ. ನಮ್ಮ ಮೊದಲ ಸಲಹೆ, ಅದೇ ಕಂಪನಿಯ ಮೇಲಿನ ವೇರಿಯಂಟ್‌ನಿಂದ ಬಿಚ್ಚಿದ ಹಳೇ ಅಲಾಯ್. ನಟ್, ಬೋರ್ (ವೀಲ್ ನಡುವಿನ ತೂತು), ಆಫ್‌ಸೆಟ್ (ಹಬ್‌ಗೆ ಕೂರುವ ಮೈ ವೀಲ್‌ನ ಅಗಲದ ನಡುಗೆರೆಯಿಂದ ಎಷ್ಟು ದೂರ ಎಂಬುದು) ಸಾಮಾನ್ಯವಾಗಿ ಹೊಂದುತ್ತವೆ. 14 ಇಂಚಿನಲ್ಲೇ ಉಳಿದು 185/60 ಹಾಕಿದರೂ ನಷ್ಟವಿಲ್ಲ. ಬ್ರಿಯೊದ ಸ್ಟಾಕ್ 175/65ರ ವ್ಯಾಸ ಸುಮಾರು 583 ಮಿ.ಮೀ., ಇದರದು 578, ಟೈರ್ ಖರ್ಚೂ ಕಡಿಮೆ. ಕಬ್ಬಿಣದ ಡಿಸ್ಕ್ ವೀಲ್ ಭಾರ ನಿಜ, ಆದರೆ ಕರ್ಬ್ ಹತ್ತಿಸಿದರೆ ಸೊಟ್ಟಾಗುತ್ತದೆ, ಕಳಪೆ ಎರಕದ ಅಲಾಯ್‌ನಂತೆ ಒಡೆಯುವುದಿಲ್ಲ. ಹೊಸಬರಿಗೆ ಅದೇ ಸಾಕು. 16, 17 ಇಂಚು ಈ ಸೈಜಿನ ಗಾಡಿಗೆ ಬರೀ ಶೋಕಿ.

ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರ ಸುತ್ತಿ ತರುವ ಹಳೇ ವೀಲ್‌ನಲ್ಲಿ ಮೊದಲು ನೋಡಬೇಕಾದದ್ದು ಒಳಮೈ. ಹೊರಮೈಗೆ ಬಣ್ಣ ಹೊಡೆದಿರುತ್ತಾರೆ. ವೆಲ್ಡಿಂಗ್ ಗುರುತಿದ್ದರೆ ಅಲ್ಲೇ ಬಿಟ್ಟುಬನ್ನಿ, ಮಾರುವವನು ಏನೇ ಆಣೆ ಇಟ್ಟರೂ. ಹೊಸದಾಗಿ ಪೌಡರ್ ಕೋಟ್ ಆದದ್ದೂ ಅನುಮಾನವೇ, ಬಿರುಕು ಅದರಡಿ ಅಡಗುತ್ತದೆ. ನಟ್ ಸೀಟ್ ಮೇಲೆ ಕೋಟಿಂಗ್ ಇದ್ದರೆ ಅದೂ ಜಜ್ಜಿ ಹಿಡಿತ ಸಡಿಲಾಗುತ್ತದೆ. ಬಣ್ಣ ತೆಗೆಸಿ ಡೈ ಪೆನೆಟ್ರಂಟ್ ಹೊಡೆಯಿರಿ. ಮೂರು ಸ್ಪ್ರೇ ಡಬ್ಬ, ಕೆಂಪು ದ್ರವ ಹತ್ತು ನಿಮಿಷ ಇಂಗಲಿ, ಒರೆಸಿ ಬಿಳಿಯದು ಹೊಡೆದರೆ ಬಿರುಕು ಕೆಂಪು ಗೆರೆಯಾಗಿ ಮೂಡುತ್ತದೆ. ಆಮೇಲೆ ಟೈರ್ ಇಲ್ಲದೆ ಬ್ಯಾಲೆನ್ಸರ್‌ಗೆ ಏರಿಸಿ ಡಯಲ್ ಗೇಜ್ ಹಿಡಿಯಿರಿ. ನಮ್ಮಲ್ಲಿ ಓಲಾಟ ಅರ್ಧ ಮಿ.ಮೀ. ದಾಟಿದ್ದನ್ನು ಟ್ರ್ಯಾಕ್‌ಗೆ ಕೊಡುವುದಿಲ್ಲ.

ಹೊಸದಾದರೆ ಹಿಂಬದಿಯ ಅಚ್ಚು ಓದಿ. ಐಎಸ್‌ಐ ಗುರುತು, ಲೋಡ್ ಎಷ್ಟು ಕೆ.ಜಿ. ಎಂಬುದು ಬೇಕು. ಬರೀ ಜೆಡಬ್ಲ್ಯೂಎಲ್ (ಜಪಾನಿನ ಅಲಾಯ್ ವೀಲ್ ಮಾನದಂಡ) ಅಂತಿದ್ದರೆ ಅದು ತಯಾರಕನ ಸ್ವಂತ ಘೋಷಣೆ, ಜತೆಗೆ ವಿಐಎ ಇದ್ದರೆ ಹೊರಗಿನ ಪರೀಕ್ಷೆಯೂ ಆಗಿದೆ. ಎರಡನ್ನೂ ಸುಳ್ಳೇ ಅಚ್ಚೊತ್ತುವವರಿದ್ದಾರೆ, ಆದ್ದರಿಂದ ತಕ್ಕಡಿಗೂ ಇಡಿ. ಒಂದೇ ಸೆಟ್ಟಿನ ನಾಲ್ಕು ವೀಲ್‌ಗಳ ತೂಕ ನಾಲ್ಕು ಥರ ಇದ್ದರೆ ಎರಕ ಹೇಗಿರಬಹುದು ಊಹಿಸಿ.

ಆಫ್‌ಸೆಟ್ ಲೆಕ್ಕ ಬಾಯಲ್ಲಿ ಹಾಕಬಾರದು. ಸ್ಟಾಕ್ ವೀಲ್ 5.5 ಇಂಚು ಅಗಲ, ಇಟಿ (ಮಿ.ಮೀ.ನಲ್ಲಿ ಆಫ್‌ಸೆಟ್) 45 ಅಂದುಕೊಳ್ಳಿ, ಹೊಸದು 6.5, ಇಟಿ 38. ಅಗಲ 25.4 ಮಿ.ಮೀ. ಹೆಚ್ಚಿತು, ಪಕ್ಕಕ್ಕೆ 12.7. ಆಫ್‌ಸೆಟ್‌ನ 7 ಸೇರಿ ಹೊರಕ್ಕೆ 19.7, ಒಳಕ್ಕೆ 5.7. ಈ ಎರಡು ಸಂಖ್ಯೆ ಹಿಡಿದುಕೊಂಡು ಫೆಂಡರ್, ಸ್ಟ್ರಟ್ ಎರಡನ್ನೂ ಅಳೆದು ನೋಡಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿಯೂ ನೋಡಿ. ಕ್ಯಾಲಿಪರ್‌ಗೆ 3 ಮಿ.ಮೀ. ಆದರೂ ಸಂದು ಬೇಕು.

ಪಿಸಿಡಿಯಲ್ಲಿ (ನಟ್ ತೂತುಗಳ ಸಂಖ್ಯೆ, ಅವು ಕೂತ ವೃತ್ತದ ವ್ಯಾಸ ಮಿ.ಮೀ.ನಲ್ಲಿ) ಫಿಯಟ್ ಪುಂಟೊದ 4×98ಕ್ಕೆ 4×100 ವೀಲ್ ಒತ್ತಾಯದಿಂದ ಹತ್ತಿಬಿಡುತ್ತದೆ, ಹತ್ತಿತೆಂದು ಖುಷಿಪಡಬೇಡಿ. ಬೋರ್ ಹೋಂಡಾದ್ದು 56.1 ಮಿ.ಮೀ., ಅಂಗಡಿ ಅಲಾಯ್‌ನದು ಹೆಚ್ಚಾಗಿ 73.1, ನಡುವೆ ರಿಂಗ್ ಬೇಕು. ಪ್ಲಾಸ್ಟಿಕ್ ರಿಂಗ್ ಟ್ರ್ಯಾಕ್‌ನ ಬ್ರೇಕ್ ಕಾವಿಗೆ ಮೆತ್ತಗಾಗಿ ಹಬ್‌ಗೆ ಅಂಟುತ್ತದೆ. ಅಲ್ಯುಮಿನಿಯಂ ರಿಂಗೇ ತನ್ನಿ.

ಬ್ರಿಯೊದ ಸ್ಟಾಕ್ ವೀಲ್‌ಗಳು ಸಂಗಡ ಬಂದಿದ್ದ ಗಾಡಿಯಲ್ಲಿದ್ದವು. ಅವನ್ನೇ ಹಾಕಿ ದಿನದ ಮಿಕ್ಕ ಸೆಷನ್‌ಗಳನ್ನು ಓಡಿದರು. ಸೀಟ್ ಜಜ್ಜಿದ ಎರಡು ಅಲಾಯ್ ಗುಜರಿಗೆ ಹೋದವು, ಬಾಕಿ ಎರಡಕ್ಕೆ ಜೋಡಿ ಸಿಗದೆ ಶಾಪಿನ ಅಟ್ಟದ ಮೇಲಿವೆ. ಈಗ ಮೊದಲ ಸೆಷನ್ ಆದಮೇಲೆ ವೀಲ್ ತಣ್ಣಗಾಗುವವರೆಗೆ ಕಾದು ನಟ್‌ಗಳನ್ನು ಮತ್ತೆ ಆ ಗಾಡಿಯ ಟಾರ್ಕ್‌ಗೆ (ಬ್ರಿಯೊ ಆದರೆ 108) ನೋಡುತ್ತೇವೆ. ನಡುಗುತ್ತಾ ಬಂದ ಗಾಡಿಯಲ್ಲಿ ಮೊದಲು ನಟ್, ಆಮೇಲೆ ವೆಯ್ಟ್. ಜಾಬ್ ಕಾರ್ಡ್‌ನಲ್ಲಿ ಸೀಟ್ ಯಾವುದೆಂದು ಬರೆಯಲು ಒಂದು ಕಾಲಂ ಹಾಕಿಸಿ ಎಂದು ಕೇಳಿದ್ದಕ್ಕೆ, ಹಳೇ ಪುಸ್ತಕಗಳು ಮುಗಿಯಲಿ ಎಂಬ ಉತ್ತರ ಬಂದಿದೆ. ಸದ್ಯಕ್ಕೆ 'ಟಾರ್ಕ್' ಎಂಬ ಟಿಕ್ ಪಕ್ಕ ಪೆನ್ನಲ್ಲಿ 'ಬಾ' ಅಥವಾ 'ಕೋ' ಎಂದು ಗೀಚುತ್ತಿದ್ದೇವೆ.