ಹದಿನೇಳು ಪ್ರಶ್ನೆ

ಬೋರ್ಡಿನ ಮೇಲೆ ಹದಿನೇಳು ಪ್ರಶ್ನೆಗಳಾಗಿದ್ದವು. ಯಾರು? ಯಾವಾಗ? ಅಲ್ಲಿಗೆ ಯಾಕೆ ಹೋದೆ? ಎಷ್ಟು ಸಲ? ಮೊದಲೇ ಯಾಕೆ ಹೇಳಲಿಲ್ಲ? ಅಮ್ಮನಿಗೆ ಗೊತ್ತಾ? ನಿಜ ತಾನೇ?

ಇವೆಲ್ಲ ನಾವೇ ಕೇಳಿದ ಪ್ರಶ್ನೆಗಳು. ಕಳೆದ ಜುಲೈನಲ್ಲಿ ನಮ್ಮ ತಾಲ್ಲೂಕಿನ ಬಿಆರ್‌ಸಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಹಾಲ್‌ನಲ್ಲಿ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಒಂದು ದಿನದ ತರಬೇತಿ ಇತ್ತು. ಹೇಳಿಕೊಡಲು ಬಂದಿದ್ದ ಮೇಡಂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು. ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಮಗುವಿನ ಹಾಗೆ ಮುದುರಿ ಕೂತರು. ತಲೆ ತಗ್ಗಿಸಿ, "ಮಿಸ್, ನಂಗೆ ಇವತ್ತು ಮನೆಗೆ ಹೋಗಕ್ಕೆ ಭಯ ಆಗ್ತಿದೆ" ಅಂದರು. ಈಗ ನೀವೇನು ಕೇಳ್ತೀರೋ ಕೇಳಿ ಅಂತ ಬಿಟ್ಟರು. ಎರಡೇ ನಿಮಿಷ. ಹಿಂದೆ ನಿಂತ ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಒಂದೊಂದನ್ನೂ ಬರೆಯುತ್ತಾ ಹೋದರು.

ಆಮೇಲೆ ಮೇಡಂ ತಲೆ ಎತ್ತಿ ಹೇಳಿದರು, "ಮಗು ಮಾತಾಡಿದ್ದು ಒಂದೇ ಸಲ. ಆಮೇಲೆ ಮಾತಾಡಿದ್ದೆಲ್ಲ ನೀವು."

ನನಗೆ ಆ ಬೋರ್ಡು ನೋಡಲಾಗಲಿಲ್ಲ. ಅದರಲ್ಲಿದ್ದ ಅರ್ಧ ಪ್ರಶ್ನೆಗಳನ್ನು ನಾನು ಹಿಂದೊಮ್ಮೆ ನಿಜವಾದ ಮಗುವಿಗೇ ಕೇಳಿದ್ದೆ.

ಅದು 2009. ಬೇರೆ ಊರು, ಬೇರೆ ಶಾಲೆ. ಆರನೇ ಕ್ಲಾಸಿನ ಹುಡುಗಿ. ಸಂಜೆ ಬೆಲ್ ಆದ ಮೇಲೂ ಡಸ್ಟರ್ ಜೋಡಿಸುತ್ತಾ, ಕಿಟಕಿ ಹಾಕುತ್ತಾ ಕ್ಲಾಸಿನಲ್ಲೇ ಉಳಿಯುತ್ತಿದ್ದಳು. ಒಳ್ಳೆ ಹುಡುಗಿ, ಎಷ್ಟು ಕೆಲಸ ಮಾಡ್ತಾಳೆ ಅಂದುಕೊಂಡಿದ್ದೆ. ಒಂದು ದಿನ, "ದೊಡ್ಡಪ್ಪ ಇದ್ದಾಗ ಮನೇಲಿ ಇರಕ್ಕಾಗಲ್ಲ ಮಿಸ್" ಅಂದಳು. ನಾನು ಗಾಬರಿಯಿಂದ ಕೇಳುತ್ತಾ ಹೋದೆ. ಅವಳು ಸ್ವಲ್ಪ ಹೇಳಿದಳು. ಹೆಡ್ ಮಾಸ್ಟರ್ ರೂಮಿಗೆ ಕರೆದುಕೊಂಡು ಹೋದೆ. ಅವರು ಮತ್ತೆ ಕೇಳಿದರು. ಇಬ್ಬರು ಹಿರಿಯ ಮೇಷ್ಟ್ರನ್ನು ಕರೆಸಿ ಅವರ ಮುಂದೆ ಇನ್ನೊಂದು ಸಲ ಹೇಳಿಸಿದರು. ಮಾರನೇ ದಿನ ತಂದೆಗೆ ಹೇಳಿ ಕಳಿಸಿದರು. ತಂದೆ ಬಂದರು, ಜೊತೆಗೆ ದೊಡ್ಡಪ್ಪನೂ ಬಂದ.

ಅವನ ಎದುರಿಗೇ ಅವಳನ್ನು ನಿಲ್ಲಿಸಿದೆವು. ನೆಲ ನೋಡುತ್ತಾ, "ಸುಮ್ನೆ ಹೇಳ್ದೆ" ಅಂದಳು. ಒಂದು ವಾರದಲ್ಲಿ ಟಿಸಿ ತಗೊಂಡು ಹೋದರು. ಅವಳು ಎಲ್ಲಿ ಹೋದಳು, ಏನಾದಳು, ನನಗೆ ಇವತ್ತಿಗೂ ಗೊತ್ತಿಲ್ಲ.

ಆಗ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಇರಲಿಲ್ಲ. ಅದು ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. ಆದರೆ ಮಕ್ಕಳ ಸಹಾಯವಾಣಿ 1098 ಇತ್ತು. ನಮ್ಮ ಶಾಲೆಯ ಗೋಡೆಯ ಮೇಲೆ ಆ ನಂಬರ್ ಬರೆದೂ ಇತ್ತು. ಅದನ್ನು ಒತ್ತಬೇಕು ಅಂತ ನನಗೆ ಹೊಳೆಯಲಿಲ್ಲ. ಅದು ಬೀದಿ ಮಕ್ಕಳಿಗೆ ಇರೋದು ಅಂದುಕೊಂಡಿದ್ದೆ.

ತರಬೇತಿಗೆ ಈ ಸಲ ಬರೀ ಶಿಕ್ಷಕರನ್ನು ಕರೆದಿರಲಿಲ್ಲ. ಬಿಸಿಯೂಟದ ಅಡುಗೆಯವರು, ಕ್ಲರ್ಕುಗಳು, ಖಾಸಗಿ ಶಾಲೆಗಳ ವ್ಯಾನ್ ಡ್ರೈವರುಗಳು, ಆಯಾಗಳು ಎಲ್ಲ ಇದ್ದರು. 2020ರ ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಜೊತೆ ಕೆಲಸ ಮಾಡುವ ಎಲ್ಲರಿಗೂ, ಗುತ್ತಿಗೆಯವರಿಗೂ ಸೇರಿ, ಆಗಾಗ ತರಬೇತಿ ಆಗಬೇಕು. ಅವರ ಹಿನ್ನೆಲೆಯನ್ನು ಪೊಲೀಸರಿಂದ ಪರಿಶೀಲಿಸಿಯೂ ಇರಬೇಕು. ಬೆಳಿಗ್ಗೆ ಅಡುಗೆಯವರು ಹಿಂದಿನ ಸಾಲಿನಲ್ಲಿ ಒತ್ತಾಗಿ ಕೂತಿದ್ದರು. ಟೀ ಮಾಡೋಕೆ ಕರೆಸಿದ್ದಾರೆ ಅಂತ ಒಬ್ಬರು ಅಂದುಕೊಂಡಿದ್ದರಂತೆ. ಅದನ್ನು ಕೇಳಿ ನನಗೆ ತುಂಬಾ ಬೇಸರವಾಯಿತು.

ಮೇಡಂ ಕೇಳಿದರು, "ಮಗು ಬದಲಾಗಿದೆ ಅಂತ ಮೊದಲು ಯಾರಿಗೆ ಗೊತ್ತಾಗುತ್ತೆ?" ನಾವು ಶಿಕ್ಷಕರು ಕೈ ಎತ್ತಿದೆವು. ನಮ್ಮ ಶಾಲೆಯ ಅಡುಗೆಯಕ್ಕ ಹಿಂದಿನಿಂದಲೇ ಹೇಳಿದರು. "ನಮ್ಗೆ ಗೊತ್ತಾಗ್ತದೆ ಮೇಡಂ. ಮೂರು ಸಲ ಅನ್ನ ಹಾಕಿಸ್ಕೊಳ್ಳೋ ಮಗು ಒಂದಿನ ತಟ್ಟೆ ತೊಳ್ಯೋ ಜಾಗದಲ್ಲಿ ಎಲ್ಲಾ ಚೆಲ್ಲಿ ಹೋದ್ರೆ ಏನೋ ಆಗೈತೆ ಅಂತ್ಲೇ. ಆದ್ರೆ ಯಾರಿಗೆ ಹೇಳೋದು? ನಮ್ ಮಾತು ಯಾರು ಕೇಳ್ತಾರೆ?"

ಹನ್ನೊಂದು ವರ್ಷದಿಂದ ಅವರು ನಮ್ಮ ಶಾಲೆಯಲ್ಲಿ ಬಡಿಸುತ್ತಿದ್ದಾರೆ. ಒಂದು ದಿನವೂ ನಾನು ಅವರನ್ನು ಮಕ್ಕಳ ಬಗ್ಗೆ ಏನೂ ಕೇಳಿರಲಿಲ್ಲ.

ಅಕ್ಕ ಮಾತಾಡಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ವ್ಯಾನ್ ಡ್ರೈವರ್ ಒಬ್ಬರು, ತನ್ನ ಮನೆ ಸ್ಟಾಪ್ ಬಂದರೂ ಸೀಟು ಹಿಡಿದುಕೊಂಡು ಇಳಿಯದೆ ಕೂತ ಮಗುವಿನ ವಿಷಯ ಹೇಳಿದರು. ಹಟ ಅಂದುಕೊಂಡು ಕೈ ಹಿಡಿದು ಇಳಿಸಿ ಹೋಗಿದ್ದರಂತೆ. ಹೇಳುವಾಗ ಅವರ ಗಂಟಲು ಕಟ್ಟಿತು. ಮೇಡಂ ಸಮಾಧಾನ ಮಾಡಿದರು. ಒಂದು ಗುರುತು ನೋಡಿ ಏನೂ ತೀರ್ಮಾನ ಮಾಡಬೇಡಿ, ಬದಲಾವಣೆ ನೋಡಿ ಅಂದರು. ಚೆನ್ನಾಗಿ ಓದುತ್ತಿದ್ದ ಮಗು ಮಂಕಾಗೋದು, ದೊಡ್ಡ ಮಗು ಮತ್ತೆ ಚಡ್ಡಿಯಲ್ಲಿ ಉಚ್ಚೆ ಮಾಡಿಕೊಳ್ಳೋದು, ಕೂರುವಾಗ ನೋವು, ಯಾರೋ ಒಬ್ಬರನ್ನು ಕಂಡರೆ ಮರೆಯಾಗೋದು, ಎಲ್ಲಿಂದಲೋ ಬಂದ ದುಡ್ಡು, ಮೊಬೈಲು. ಹುಡುಗರನ್ನು ಮರೆಯಬೇಡಿ ಅಂತ ಎರಡೆರಡು ಸಲ ಹೇಳಿದರು. ಕೇಂದ್ರ ಸರ್ಕಾರ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಅವರಲ್ಲಿ ಹುಡುಗಿಯರಿಗಿಂತ ಹುಡುಗರೇ ಸ್ವಲ್ಪ ಜಾಸ್ತಿ. ಹಾಲ್‌ನಲ್ಲಿ ಯಾರೂ ಉಸಿರೆತ್ತಲಿಲ್ಲ.

ನಾನು ಕನ್ನಡ ಪಾಠ ಮಾಡುವವಳು. ನನ್ನನ್ನು ಕಾಡಿದ್ದು ಇನ್ನೊಂದು ಮಾತು. ಮಕ್ಕಳಿಗೆ ಕಣ್ಣು, ಮೂಗು, ಮಂಡಿ, ಮೊಣಕೈ ಎಲ್ಲ ಹೇಳಿಕೊಡ್ತೀರಿ, ಆ ಜಾಗ ಬಂದಾಗ ಏನು ಹೇಳ್ತೀರಿ ಅಂತ ಮೇಡಂ ಕೇಳಿದರು. 'ಶೇಮ್ ಶೇಮ್' ಅಂತೀವಿ ಅಲ್ವಾ? ನಾಚಿಕೆ ಅನ್ನೋದೇ ಅದರ ಹೆಸರಾದರೆ, ಅಲ್ಲಿ ನೋವಾದಾಗ ಮಗು ಯಾವ ಮಾತಿನಲ್ಲಿ ಹೇಳಬೇಕು? ಅದಕ್ಕೇ, ಮಗು ಯಾವ ಪದ ಬಳಸುತ್ತದೋ ಅದನ್ನೇ ಬರೆದುಕೊಳ್ಳಿ ಅಂದರು. 'ಅಲ್ಲಿ' ಅಂದರೆ 'ಅಲ್ಲಿ' ಅಂತಲೇ. ನಮ್ಮ ದೊಡ್ಡ ಪದ ಸೇರಿಸಬಾರದು, ವಾಕ್ಯ ತಿದ್ದಬಾರದು. ಇಪ್ಪತ್ತು ವರ್ಷದಿಂದ ಮಕ್ಕಳ ವಾಕ್ಯ ತಿದ್ದಿದ ಕೈ ಇದು. ಇದೊಂದು ಕಡೆ ತಿದ್ದಬಾರದು.

ಹಾಗಾದರೆ ಮಗುವಿಗೆ ಏನು ಹೇಳಬೇಕು? ತುಂಬಾ ಕಡಿಮೆ. 'ಹೇಳು, ಕೇಳ್ತಿದೀನಿ.' 'ನೀನು ಹೇಳಿದ್ದು ಒಳ್ಳೇದಾಯ್ತು.' 'ನಿಂದೇನೂ ತಪ್ಪಿಲ್ಲ.' ಯಾರಿಗೂ ಹೇಳಲ್ಲ ಅಂತ ಮಾತ್ರ ಮಾತು ಕೊಡಬಾರದು, ಹೇಳಲೇಬೇಕಾಗುತ್ತದೆ. ನಿಜವೋ ಸುಳ್ಳೋ ಅಂತ ಪತ್ತೆ ಮಾಡುವುದು ನಮ್ಮ ಕೆಲಸ ಅಲ್ಲ. ಈ ಮಾತಿಗೆ ನನ್ನ ಪಕ್ಕದ ಮೇಷ್ಟ್ರು ಒಪ್ಪಲಿಲ್ಲ. ವಿಚಾರಿಸದೆ ಹೇಗೆ ದೂರು ಕೊಡೋದು, ನಾಳೆ ಸುಳ್ಳಾದರೆ ನಮ್ಮ ಗತಿ ಏನು ಅಂದರು. ನ್ಯಾಯವಾದ ಪ್ರಶ್ನೆಯೇ.

ಅದಕ್ಕೆ ಉತ್ತರ ಕೊಟ್ಟವರು ಒಬ್ಬ ಮಹಿಳಾ ಎಸ್‌ಐ. ಬೆಳಿಗ್ಗೆಯಿಂದ ಚೂಡಿದಾರ್ ಹಾಕಿಕೊಂಡು ನಮ್ಮ ನಡುವೆಯೇ ಕೂತಿದ್ದರು, ನಾವು ಯಾವುದೋ ಶಾಲೆಯ ಟೀಚರ್ ಅಂದುಕೊಂಡಿದ್ದೆವು. ಮಗುವಿನ ಹೇಳಿಕೆ ಪಡೆಯಲು ಹೋಗುವಾಗಲೂ ಪೊಲೀಸರು ಹೀಗೇ, ಯೂನಿಫಾರಂ ಇಲ್ಲದೆ ಹೋಗಬೇಕು. ಮಗುವಿನ ಮನೆಗೆ, ಇಲ್ಲವೇ ಮಗು ಹೇಳಿದ ಜಾಗಕ್ಕೆ ಹೋಗಬೇಕು. ರಾತ್ರಿ ಹೊತ್ತು ಠಾಣೆಯಲ್ಲಿ ಮಗುವನ್ನು ಇಟ್ಟುಕೊಳ್ಳುವ ಹಾಗೇ ಇಲ್ಲ. ಅವರು ಕಾಯ್ದೆಯ 19ನೇ ಸೆಕ್ಷನ್ ಬಿಡಿಸಿ ಹೇಳಿದರು. ಇಂಥದ್ದು ಆಗಿದೆ ಅಂತ ಗೊತ್ತಾದರೆ, ಅಥವಾ ಆಗಬಹುದು ಅನ್ನುವ ಆತಂಕ ಇದ್ದರೆ, ಯಾರೇ ಆಗಲಿ ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ಒಳ್ಳೆ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸ್ ಹಾಕಲು ಬರುವುದಿಲ್ಲ. ಗೊತ್ತಿದ್ದೂ ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ತಪ್ಪು ಮಾಡಿದವನು ಸಂಸ್ಥೆಯ ಒಳಗಿನವನೇ ಆಗಿ, ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. "ಹೆಡ್ ಮಾಸ್ಟರಿಗೆ ಹೇಳಿದೆ, ನನ್ನ ಕೆಲಸ ಮುಗೀತು ಅನ್ಬೇಡಿ" ಅಂದರು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಠಾಣೆಗೆ ಹೋಗಲು ಹೆದರಿಕೆಯಾದರೆ ಮೊದಲು 1098, ಹಗಲು ರಾತ್ರಿ ಯಾವಾಗ ಬೇಕಾದರೂ, ದುಡ್ಡಿಲ್ಲದೆ.

ಅಡುಗೆಯಕ್ಕ ಮೆಲ್ಲಗೆ ಕೇಳಿದರು, "ನನ್ ಹೆಸ್ರು ಎಲ್ಲೂ ಬರಲ್ಲ ತಾನೇ?" 1098ಕ್ಕೆ ಹೆಸರು ಹೇಳಲೇಬೇಕು ಅಂತೇನಿಲ್ಲ ಅಂತ ಎಸ್‌ಐ ಹೇಳಿದ ಮೇಲೆ ಅವರಿಗೆ ನಿರಾಳವಾಯಿತು.

ಸಂಜೆ ನಾನು, ಅಕ್ಕ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಆ 2009ರ ಹುಡುಗಿಯ ವಿಷಯ ನಾನು ಯಾರಿಗೂ ಹೇಳಿದವಳಲ್ಲ. ಅಕ್ಕನಿಗೆ ಹೇಳಿದೆ. ಅವರು ಏನೂ ಕೇಳಲಿಲ್ಲ. ನಾನು ಹೇಳಿ ಮುಗಿಸುವ ತನಕ ಕೇಳಿಸಿಕೊಂಡರು. ಇಳಿಯುವಾಗ ನನ್ನ ಕೈ ಹಿಡಿದು ಒಂದು ಸಲ ಒತ್ತಿದರು.

ಮಾರನೇ ದಿನದಿಂದ ನಾನು ಮಧ್ಯಾಹ್ನ ಅಡುಗೆಮನೆಯ ಜಗಲಿಯಲ್ಲೇ ಊಟಕ್ಕೆ ಕೂರುತ್ತಿದ್ದೇನೆ. ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಬೋರ್ಡಿನ ಮೇಲಿದ್ದ ಹದಿನೇಳೂ ಪ್ರಶ್ನೆಗಳನ್ನು ಮೊದಲ ಪುಟದಲ್ಲಿ ಬರೆದು ಅಡ್ಡಗೀಟು ಹಾಕಿದ್ದೇನೆ.

ಮೂರು ವಾರ ಕಳೆದಿರಬೇಕು. ಮಕ್ಕಳೆಲ್ಲ ತಟ್ಟೆ ತೊಳೆದು ಹೋದ ಮೇಲೆ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಹತ್ತಿರ ಕೂತರು. "ಮಿಸ್, ಒಂದ್ ಮಾತು" ಅಂದರು. ಯಾವ ಮಗು, ಏನು ಎತ್ತ ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಮಗುವಿನ ಗುರುತು ಎಲ್ಲೂ ಹೊರಗೆ ಬರಬಾರದು. ಯಾರು, ಯಾವಾಗ ಅನ್ನುವುದೆಲ್ಲ ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವರು ಕಂಡದ್ದನ್ನು, ಮಗು ಅವರ ಹತ್ತಿರ ಅಂದ ಎರಡು ಮಾತನ್ನು, ಅಂದ ಹಾಗೇ ಬರೆದುಕೊಂಡೆ. ತಾರೀಖು ಹಾಕಿದೆ, ಹೊತ್ತು ಹಾಕಿದೆ. ಫೋನ್ ತೆಗೆದು 1098 ಒತ್ತಿದೆ.

ರಿಂಗ್ ಆಗುತ್ತಿತ್ತು. ಅಕ್ಕ ನೋಟ್‌ಬುಕ್ಕಿನ ಕಡೆ ಬೆರಳು ತೋರಿಸಿದರು.

"ನನ್ ಹೆಸ್ರೂ ಬರ್ಕಳಿ ಮಿಸ್. ನೋಡಿದ್ದು ನಾನಲ್ವಾ."